ಬಂದವರು ಊರಿನವರಾಗುವುದು ಎಂದಿಗೆ?

ಚೀನಾದ ಯಾವ ನಗರದಲ್ಲಿ ಇಳಿದರೂ ಹೊರದೇಶದವರು 24 ಗಂಟೆಯೊಳಗೆ ತಮ್ಮ ವಾಸದ ವಿಳಾಸವನ್ನು ಆ ಭಾಗದ ಪೊಲೀಸ್ ಠಾಣೆಯಲ್ಲಿ ನಮೂದಿಸಬೇಕು. ಹೋಟೆಲಿನಲ್ಲಿ ಉಳಿದರೆ ಹೋಟೆಲಿನವರೇ ಆ ಕೆಲಸ ಮಾಡಿಕೊಡುತ್ತಾರೆ. ಬಾಡಿಗೆ ಮನೆಯಾದರೆ ಬಹಳ ಕಡೆ ಪಾಸ್‌ಪೋರ್ಟು, ಬಾಡಿಗೆ ಕರಾರು ಹಿಡಿದುಕೊಂಡು ತಾವೇ ಹೋಗಬೇಕು. ಠಾಣೆಯಲ್ಲಿ ಇಂಗ್ಲಿಷ್ ಬಲ್ಲವರು ಸಿಕ್ಕರೆ ಪುಣ್ಯ. ಆಮೇಲೆ ಬ್ಯಾಂಕ್ ಖಾತೆ, ಅಲ್ಲಿನ ಸಿಮ್, ಮೊಬೈಲಿಗೊಂದು ವೀಚಾಟ್. ತರಕಾರಿ ಅಂಗಡಿಯಲ್ಲೂ ಜನ ಮೊಬೈಲಿನಲ್ಲೇ ಹಣ ಕೊಡುವ ದೇಶ ಅದು. ಮನೆಯವರೊಡನೆ ಮಾತಾಡುವುದು ಬೇರೆಯೇ ತಾಪತ್ರಯ. ವಾಟ್ಸ್‌ಆ್ಯಪ್ ಚೀನಾದಲ್ಲಿ ನಡೆಯುವುದಿಲ್ಲ. ವೀಚಾಟನ್ನು ಭಾರತ 2020ರ ಜೂನ್‌ನಲ್ಲಿ ನಿಷೇಧಿಸಿತು. ಮಗ ಅಲ್ಲಿ, ತಾಯಿ ಇಲ್ಲಿ, ನಡುವೆ ಎರಡು ಸರ್ಕಾರಗಳು.

ಆ ಹೊತ್ತಿಗೆ ಚೀನಾದ ಕಾಲೇಜುಗಳಲ್ಲಿ ಹೆಸರು ಬರೆಸಿದ್ದ ಭಾರತದ ವಿದ್ಯಾರ್ಥಿಗಳೇ 20 ಸಾವಿರಕ್ಕೂ ಹೆಚ್ಚು, ಬಹುಪಾಲು ವೈದ್ಯಕೀಯದವರು. ಕೊರೋನಾ ಬಂದಾಗ ಮನೆಗೆ ಓಡಿ ಬಂದವರಿಗೆ 2022ರ ಆಗಸ್ಟ್‌ವರೆಗೆ ಮರಳಲು ವೀಸಾ ಸಿಗಲಿಲ್ಲ. ಶವ ಮುಟ್ಟಿ ಕಲಿಯಬೇಕಾದ ಅಂಗರಚನೆಯನ್ನು ಮೊಬೈಲಿನ ಪರದೆಯಲ್ಲಿ ನೋಡುತ್ತ ಆ ಮಕ್ಕಳು ಎರಡೂವರೆ ವರ್ಷ ಕಳೆದರು.

ಪುತ್ತೂರು, ಸುಳ್ಯ, ಕಡಬದ ಮನೆಗಳಿಗೆ ಇಂಥ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಬೈಯಲ್ಲೋ ಮಸ್ಕತ್ತಿನಲ್ಲೋ ಬೆಂಗಳೂರಿನಲ್ಲೋ ದುಡಿಯುವವರು ಒಬ್ಬರಾದರೂ ಇಲ್ಲದ ಕುಟುಂಬ ಇಲ್ಲಿ ಕಡಿಮೆ. ಹೋದವರು ರಜೆಯಲ್ಲಿ ಬಂದಾಗ ನಾವು ಕೇಳುವ ಮೊದಲ ಮಾತೇ ಅಲ್ಲಿನ ಜನರ ಕುರಿತು. ಒಳ್ಳೆಯವರಾ? ಮಾತಾಡಿಸುತ್ತಾರಾ? ಹುಷಾರು ತಪ್ಪಿದರೆ ನೋಡುವವರು ಇದ್ದಾರಾ? ನಮ್ಮ ಊರಿಗೆ ಬಂದು ಸೇರಿದವರಿಗೆ ನಾವು ಎಂಥ ಜನರಾದೆವು ಎಂಬ ಪ್ರಶ್ನೆ ಮಾತ್ರ ನಮ್ಮ ಜಗಲಿಗಳಲ್ಲಿ ಅಷ್ಟಾಗಿ ಎದ್ದಿಲ್ಲ. ಇವತ್ತು ಅದನ್ನು ಕೇಳಿಕೊಳ್ಳೋಣ. ಏಕೆಂದರೆ ಈ ಮೂರು ತಾಲೂಕುಗಳ ಗುಡ್ಡೆಗಳಲ್ಲೇ, ಸಮುದ್ರ ದಾಟಿ ಬಂದು ಅರ್ಧ ಶತಮಾನ ಕಳೆದ ಜನ ಇದ್ದಾರೆ.

ಸಿಲೋನಿನವರು, ಅಂದರೆ ಈಗಿನ ಶ್ರೀಲಂಕಾದಿಂದ ಬಂದ ತಮಿಳರು ಎಂದರೆ ಇಲ್ಲಿ ಎಲ್ಲರಿಗೂ ಗೊತ್ತು. ಸಿ.ಆರ್.ಸಿ. ಕಾಲನಿ ಎಂದರೆ ರಿಕ್ಷಾದವರು ಎಲ್ಲಿಗೆ ಎಂದು ಎರಡನೇ ಸಲ ಕೇಳುವುದಿಲ್ಲ. ಸುಳ್ಯದ ಮೇದಿನಡ್ಕ, ಐವರ್ನಾಡು, ಕಡಬದ ಐತೂರು ಕಡೆಗಳಲ್ಲಿ ಸಾಲುಸಾಲು ರಬ್ಬರ್ ಮರಗಳ ನಡುವೆ ಆ ಮನೆಗಳು ಕಾಣುತ್ತವೆ. ಇಷ್ಟು ಗೊತ್ತಿದ್ದೂ ಅವರನ್ನು ಈಗಲೂ ಅನೇಕರು ನಿರಾಶ್ರಿತರು ಎಂದೇ ಕರೆಯುತ್ತಾರೆ. ಅದು ತಪ್ಪು. ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ 1983ರ ಗಲಭೆಯ ನಂತರ ಜೀವ ಉಳಿಸಿಕೊಳ್ಳಲು ದೋಣಿ ಹತ್ತಿ ತಮಿಳುನಾಡಿನ ಶಿಬಿರಗಳಿಗೆ ಬಂದವರ ಕತೆ ಬೇರೆ. ಇಲ್ಲಿಗೆ ಬಂದವರು ಎರಡು ಸರ್ಕಾರಗಳ ಒಪ್ಪಂದದ ಪ್ರಕಾರ, ಭಾರತದ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು ಬಂದ ಭಾರತದ ಪ್ರಜೆಗಳು.

ಒಪ್ಪಂದಕ್ಕೂ ಹಿಂದಿನದನ್ನು ಸ್ವಲ್ಪ ಹೇಳಬೇಕು. 19ನೇ ಶತಮಾನದಲ್ಲಿ ಬ್ರಿಟಿಷರು ಸಿಲೋನಿನ ಬೆಟ್ಟಗಳಲ್ಲಿ ಕಾಫಿ ಬೆಳೆಸಲು ತಮಿಳುನಾಡಿನ ಬಡವರನ್ನು ಕಂಗಾಣಿಗಳೆಂಬ ಮೇಸ್ತ್ರಿಗಳ ಮೂಲಕ ಕರೆದೊಯ್ದರು. 1869ರಲ್ಲಿ ಕಾಣಿಸಿಕೊಂಡ ಎಲೆರೋಗಕ್ಕೆ ಕಾಫಿ ನಾಶವಾದಾಗ ಅದೇ ಗುಡ್ಡಗಳಿಗೆ ಚಹಾ ಬಂತು, ಅದೇ ಕೈಗಳು ಚಹಾ ಕುಯ್ದವು. ತಲೆಮಾರುಗಳು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವು. ಸಿಲೋನ್ ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾನೂನು ಇವರಲ್ಲಿ ಬಹುತೇಕರನ್ನು ಹೊರಗಿಟ್ಟಿತು. ಬೆನ್ನಿಗೇ ಮತದ ಹಕ್ಕೂ ಹೋಯಿತು. ಅಲ್ಲಿ ಹುಟ್ಟಿದವರು ಒಂದೇ ಕಾನೂನಿನಿಂದ ಯಾವ ದೇಶಕ್ಕೂ ಸೇರದವರಾದರು.

1964ರ ಅಕ್ಟೋಬರ್ 30ರಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ದೆಹಲಿಯಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಲೆಕ್ಕಕ್ಕೆ ಬಂದವರು 9,75,000 ಮಂದಿ. ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ 1,50,000 ಮಂದಿಯ ವಿಚಾರ ಮುಂದಕ್ಕೆ. ಅವರನ್ನೂ 1974ರಲ್ಲಿ ಸಮಸಮವಾಗಿ ಹಂಚಿಕೊಂಡದ್ದಾಯಿತು. ಜನರನ್ನು ಹೀಗೆ ಪಾಲು ಮಾಡಿದ ಒಪ್ಪಂದದ ಮಾತುಕತೆಯಲ್ಲಿ ಆ ಜನರ ಪ್ರತಿನಿಧಿಗಳಿಗೆ ಕುರ್ಚಿ ಇರಲಿಲ್ಲ. ಶಾಸ್ತ್ರಿಯವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಈ ಒಪ್ಪಂದದಲ್ಲಿ ನ್ಯಾಯ ಅರ್ಧವೇ ಇತ್ತೆಂದು ನಾನು ನಂಬುತ್ತೇನೆ.

ಕ್ಯಾಂಡಿಯಲ್ಲಿದ್ದ ಭಾರತದ ಸಹಾಯಕ ಹೈಕಮಿಷನ್ ಕಚೇರಿ ಇವರಿಗೆ ಪಾಸ್‌ಪೋರ್ಟು ಮತ್ತು ಫ್ಯಾಮಿಲಿ ಕಾರ್ಡು ಕೊಡುತ್ತಿತ್ತು. ರೈಲಿನಲ್ಲಿ ತಲೈಮನ್ನಾರ್, ಅಲ್ಲಿಂದ ಹಡಗಿನಲ್ಲಿ ರಾಮೇಶ್ವರ, ಆಮೇಲೆ ಮಂಡಪಂ ಶಿಬಿರ. ಮಂಡಪಂ ಹೊಸ ಜಾಗವೇನಲ್ಲ. ಸಿಲೋನಿಗೆ ಕೂಲಿಗಳಾಗಿ ಹೊರಟವರನ್ನು ಬ್ರಿಟಿಷರ ಕಾಲದಲ್ಲಿ ತಡೆದು, ರೋಗ ಇದೆಯೇ ಎಂದು ಪರೀಕ್ಷಿಸಿ ಕಳಿಸುತ್ತಿದ್ದುದೂ ಅಲ್ಲಿಯೇ. ಅಜ್ಜ ಹೋಗುವಾಗ ಸಾಲು ನಿಂತಿದ್ದ ಜಾಗದಲ್ಲಿ ಮೊಮ್ಮಗ ಬರುವಾಗ ಸಾಲು ನಿಂತ. ಒಟ್ಟು ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಬಂದರು. ನೀಲಗಿರಿಯ ಚಹಾ ತೋಟಗಳಿಗೆ ಕೆಲವರು, ಕೇರಳದ ಪುನಲೂರಿಗೆ ಕೆಲವರು, ದಕ್ಷಿಣ ಕನ್ನಡದ ರಬ್ಬರ್ ತೋಟಗಳಿಗೆ ಕೆಲವರು.

ಇಲ್ಲಿ ಕಾಡು ಕಡಿದು ಅರಣ್ಯ ಇಲಾಖೆ ಆರಂಭಿಸಿದ್ದ ರಬ್ಬರ್ ನೆಡುತೋಪುಗಳು 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಗೆ ಬಂದವು. ನಾಲ್ಕು ಸಾವಿರ ಹೆಕ್ಟೇರಿಗೂ ಮೀರಿದ ತೋಟ. ರಬ್ಬರ್ ಮರವೂ ಈ ಮಣ್ಣಿನದಲ್ಲ. ಹೆನ್ರಿ ವಿಕ್ಹಮ್ ಎಂಬಾತ 1876ರಲ್ಲಿ ಅಮೆಜಾನ್ ಕಾಡಿನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಬೀಜ ಸಾಗಿಸಿದ. ಮೊಳೆತ ಸಸಿಗಳಲ್ಲಿ ಬಹುಪಾಲು ಅದೇ ವರ್ಷ ಹಡಗು ಹತ್ತಿ ಸಿಲೋನಿನ ಹೆನರತ್‌ಗೊಡ ಉದ್ಯಾನ ಸೇರಿದವು. ದಕ್ಷಿಣ ಭಾರತಕ್ಕೆ ರಬ್ಬರ್ ಹರಡಿದ್ದು ಆ ದಾರಿಯಿಂದಲೇ. ಮರವೂ ಅದರ ಹಾಲು ತೆಗೆಯುವವರೂ ಸಿಲೋನಿನಿಂದಲೇ ಸುಳ್ಯಕ್ಕೆ ಬಂದರು. ಮರಕ್ಕೆ ಇಲ್ಲಿ ಬೇರು ಬಿಡಲು ಯಾರ ಪ್ರಮಾಣಪತ್ರವೂ ಬೇಕಾಗಲಿಲ್ಲ.

ಬಂದವರಲ್ಲಿ ಬಹುಮಂದಿ ನಾಲ್ಕೈದು ಸಾವಿರ ಅಡಿ ಎತ್ತರದ ತಂಪು ಬೆಟ್ಟಗಳಲ್ಲಿ ಚಹಾ ಚಿಗುರು ಕುಯ್ದು ಬದುಕಿದ್ದವರು. ಇಲ್ಲಿನ ಸೆಕೆ, ಜೂನಿನಿಂದ ಬಿಡದೆ ಸುರಿಯುವ ಮಳೆ, ಕಾಡಿನ ನಡುವಿನ ಒಂಟಿ ಮನೆಗಳು ಅವರಿಗೆ ಹೊಸತು. ಕೆಲಸವೂ ಹೊಸತು. ರಬ್ಬರ್ ಟ್ಯಾಪಿಂಗನ್ನು ಹತ್ತಿರದಿಂದ ನೋಡದವರಿಗೆ ಅದರ ನಾಜೂಕು ತಿಳಿಯದು. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಗುಡ್ಡೆ ಹತ್ತಬೇಕು. ಬಿಸಿಲೇರಿದರೆ ಮರದೊಳಗಿನ ಒತ್ತಡ ಇಳಿದು ಹಾಲು ಬೇಗ ನಿಂತುಬಿಡುತ್ತದೆ. ಹಿಂದಿನ ಸಲದ ಗಾಯದಲ್ಲಿ ಒಣಗಿದ ರಬ್ಬರ್ ಪಟ್ಟಿಯನ್ನು ಎಳೆದು ತೆಗೆದು, ಎಡಗಡೆ ಎತ್ತರದಿಂದ ಬಲಗಡೆ ಕೆಳಕ್ಕೆ ಓರೆಯಾಗಿ, ತೊಗಟೆಯನ್ನು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಹೆರೆಯಬೇಕು. ಕತ್ತಿ ಸ್ವಲ್ಪ ಒಳಹೊಕ್ಕರೂ ಮರಕ್ಕೆ ಗಾಯವಾಗಿ ಆ ಜಾಗದಲ್ಲಿ ತೊಗಟೆ ಗಂಟುಗಂಟಾಗುತ್ತದೆ, ಒಳಹೋಗದಿದ್ದರೆ ಹಾಲಿಲ್ಲ. ಹೀಗೆ ಮುನ್ನೂರರ ಆಸುಪಾಸು ಮರಗಳು, ಒಂದರಿಂದ ಇನ್ನೊಂದಕ್ಕೆ ನಡೆದೇ. ಮತ್ತೆ ಅದೇ ದಾರಿಯಲ್ಲಿ ಬಕೆಟು ಹಿಡಿದು ಹಾಲು ಕೂಡಿಸಬೇಕು. ತುಂಬಿದ ಬಕೆಟುಗಳನ್ನು ಇಳಿಜಾರಿನಲ್ಲಿ ಚೆಲ್ಲದೆ ಇಳಿಸುವುದೂ ಒಂದು ಕಲೆ. ಆಮೇಲೆ ಆಸಿಡ್ ಬೆರೆಸಿ ಟ್ರೇಯಲ್ಲಿ ಗಟ್ಟಿ ಮಾಡುವುದು, ಮೆಷಿನಿಗೆ ಕೊಟ್ಟು ಶೀಟು ತೆಗೆಯುವುದು, ಹೊಗೆಮನೆಯಲ್ಲಿ ಒಣಗಿಸುವುದು.

ಚಹಾ ತೋಟದಿಂದ ಬಂದ ಹೆಂಗಸರು ಈ ಕತ್ತಿ ಹಿಡಿಯುವುದನ್ನು ಕಲಿತರು. ಮನೆಯಲ್ಲಿ ಮಕ್ಕಳು ಇನ್ನೂ ಮಲಗಿರುವಾಗಲೇ ಅವರ ಅರ್ಧ ದಿನದ ಕೆಲಸ ಮುಗಿದಿರುತ್ತಿತ್ತು. ಈ ಭಾಗದಲ್ಲಿ ರಬ್ಬರ್ ಎಂಬ ಬೆಳೆಯ ಮೇಲೆ ಖಾಸಗಿ ಕೃಷಿಕರಿಗೆ ಧೈರ್ಯ ಬಂದದ್ದರಲ್ಲಿ ತಿರುವಾಂಕೂರು ಕಡೆಯಿಂದ ನೆಲ್ಯಾಡಿ, ಕಡಬದತ್ತ ಬಂದು ನೆಲೆಸಿದ ಕ್ರೈಸ್ತ ಕೃಷಿಕರ ಪಾಲು ದೊಡ್ಡದು. ಅದನ್ನು ನಾವು ಮರೆತಿಲ್ಲ. ಆದರೆ ಸರ್ಕಾರಿ ತೋಟಗಳಲ್ಲಿ ಕೂಲಿಗೆ ದುಡಿದು ಆ ಬೆಳೆಯನ್ನು ಎತ್ತಿ ನಿಲ್ಲಿಸಿದ ಸಿಲೋನಿನವರ ಪಾಲನ್ನು ಯಾವ ಸನ್ಮಾನ ಸಭೆಯಲ್ಲೂ ನೆನೆದದ್ದು ನಾನು ಕೇಳಿಲ್ಲ.

ಭಾಷೆಯ ವಿಚಾರದಲ್ಲಿ ಈ ಜನ ತೋರಿಸಿದ ತಾಳ್ಮೆಗೆ ನಾನು ತಲೆಬಾಗುತ್ತೇನೆ. ನಮ್ಮ ಈ ಮೂರು ತಾಲೂಕುಗಳಲ್ಲಿ ಪೇಟೆಯಲ್ಲಿ ತುಳು, ಶಾಲೆ-ಕಚೇರಿಯಲ್ಲಿ ಕನ್ನಡ, ಸುಳ್ಯದ ಗೌಡರ ಮನೆಯಲ್ಲಿ ಅರೆಭಾಷೆ, ಅಡಿಕೆ ತೋಟದ ಭಟ್ಟರಲ್ಲಿ ಹವ್ಯಕ ಕನ್ನಡ, ಅಂಗಡಿಯಲ್ಲಿ ಬ್ಯಾರಿ, ಗಡಿ ಕಡೆಗೆ ಮಲಯಾಳ. ಇಷ್ಟರ ನಡುವೆ ತಮಿಳು ಮಾತ್ರ ಬಲ್ಲ ಮಗು ಕನ್ನಡ ಮಾಧ್ಯಮದ ಒಂದನೇ ತರಗತಿಗೆ ಬಂದು ಕೂತಾಗ ಏನಾಗಿರಬೇಕು? ಟೀಚರ್ ಹೇಳಿದ್ದು ಅರ್ಥವಾಗುವುದಿಲ್ಲ, ಆಟದ ಬಯಲಿನ ತುಳು ಅರ್ಥವಾಗುವುದಿಲ್ಲ. ಆದರೂ ಆ ಮಕ್ಕಳು ಕಲಿತರು. ಈಗ ಅವರ ಮಕ್ಕಳು ತುಳುವಿನಲ್ಲಿ ಜಗಳವಾಡುತ್ತಾರೆ, ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಾರೆ, ಮನೆಯಲ್ಲಿ ಅಜ್ಜಿಯೊಡನೆ ತಮಿಳು ಮಾತಾಡುತ್ತಾರೆ, ಕಾಲನಿಯ ಮಾರಿಯಮ್ಮನ ಹಬ್ಬಕ್ಕೆ ಊರಿನವರನ್ನೂ ಕರೆಯುತ್ತಾರೆ. ಹೊಸಬರು ಮಾಡಬೇಕಾದದ್ದನ್ನೆಲ್ಲ ಅವರು ಮಾಡಿ ಮುಗಿಸಿದ್ದಾರೆ. ಬಾಕಿ ಇರುವುದು ನಮ್ಮ ಕಡೆಯದು.

ಮೊದಲ ಬಾಕಿ ಕಾಗದದ್ದು. ಬಂದವರಲ್ಲಿ ಅನೇಕರು ತಮಿಳುನಾಡಿನ ದಲಿತ ಜಾತಿಗಳವರು. ನಮ್ಮಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯವಾರು ಇದೆ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ ಹೊರಬಿದ್ದಾಗ ಕುಟುಂಬದ ಕಾಯಂ ವಾಸ ಎಲ್ಲಿತ್ತು ಎಂಬುದರ ಮೇಲೆ ಪ್ರಮಾಣಪತ್ರದ ಹಕ್ಕು ನಿಲ್ಲುತ್ತದೆ. ಆ ದಿನ ಇವರ ಅಜ್ಜ ನುವಾರಾ ಎಲಿಯದ ಯಾವುದೋ ಎಸ್ಟೇಟಿನ ಲೈನ್ ಮನೆಯಲ್ಲಿದ್ದ. ಅವನು ಅಲ್ಲಿದ್ದದ್ದು ಒಂದು ಸರ್ಕಾರ ಕರೆದೊಯ್ದ ಕಾರಣಕ್ಕೆ, ಮೊಮ್ಮಗ ಇಲ್ಲಿರುವುದು ಇನ್ನೊಂದು ಸರ್ಕಾರ ಕರೆತಂದ ಕಾರಣಕ್ಕೆ. ಆದರೂ ಜಾತಿ ಪ್ರಮಾಣಪತ್ರಕ್ಕಾಗಿ ಈ ಕುಟುಂಬಗಳು ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದಿವೆ. ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ವಿದ್ಯಾರ್ಥಿವೇತನದ, ಹಾಸ್ಟೆಲಿನ, ಕಾಲೇಜು ಸೀಟಿನ ಕೊನೆಯ ದಿನ ದಾಟಿರುತ್ತದೆ. ಒಂದು ಸೀಲು ತಡವಾದದ್ದಕ್ಕೆ ಒಬ್ಬಳು ಹುಡುಗಿ ಓದು ನಿಲ್ಲಿಸಿದರೆ ಆ ನಷ್ಟವನ್ನು ಆಮೇಲೆ ಯಾವ ಆದೇಶವೂ ತುಂಬಿಕೊಡಲಾರದು.

ಎರಡನೆಯದು ಮನೆ. ತೋಟದ ಮನೆ ಕೆಲಸದೊಡನೆ ಬರುವ ಮನೆ. ಕೆಲಸದಿಂದ ನಿವೃತ್ತರಾದ ಮೇಲೆ, ಮಕ್ಕಳು ತೋಟದ ಕೆಲಸ ಹಿಡಿಯದಿದ್ದರೆ, ಎಲ್ಲಿಗೆ? ಮಕ್ಕಳಲ್ಲಿ ಎಷ್ಟೋ ಮಂದಿ ಬೆಂಗಳೂರಿಗೆ, ಕೊಯಮತ್ತೂರಿಗೆ ದುಡಿಯಲು ಹೋಗಿದ್ದಾರೆ. ಹೋಗದೆ ಏನು ಮಾಡಿಯಾರು! 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದ ರಬ್ಬರ್ ಬೆಲೆ 2016ರ ಹೊತ್ತಿಗೆ 100ರ ಆಸುಪಾಸಿಗೆ ಇಳಿಯಿತು. ಪ್ರಪಂಚದಲ್ಲಿ ಅತಿ ಹೆಚ್ಚು ನೈಸರ್ಗಿಕ ರಬ್ಬರ್ ಬಳಸುವ ದೇಶ ಚೀನಾ. ಅಲ್ಲಿನ ಟೈರು ಕಾರ್ಖಾನೆಗಳ ಬೇಡಿಕೆ ಕುಗ್ಗಿದರೆ ಐವರ್ನಾಡಿನ ಶೀಟಿನ ಬೆಲೆಯೂ ಇಳಿಯುತ್ತದೆ.

ಚೀನಾದ ಮಾತು ಮತ್ತೆ ಬಂದದ್ದರಿಂದ ಇನ್ನೊಂದು ಸಂಗತಿ ಹೇಳಲೇಬೇಕು. ಹೊರದೇಶದಲ್ಲಿ ಹುಟ್ಟಿದವರನ್ನು ನಿಮ್ಮ ಊರಿಗೆ ನಡೆಯಿರಿ ಎಂದು ಕಳಿಸಿದ ಕತೆ ಅಲ್ಲಿಯೂ ಇದೆ. ಮಲಯಾದಿಂದ ಗಡೀಪಾರಾದ ಚೀನೀಯರಿಗಾಗಿ 1951ರಲ್ಲಿ ಹೈನಾನ್ ದ್ವೀಪದಲ್ಲಿ ಶಿಂಗ್‌ಲಾಂಗ್ ಎಂಬ ಸರ್ಕಾರಿ ಕೃಷಿಕ್ಷೇತ್ರ ತೆರೆದರು. ಹಳ್ಳಿಗಳಲ್ಲಿ ಪರದೇಶದವರು ಚಿಲ್ಲರೆ ವ್ಯಾಪಾರ ಮಾಡಬಾರದು ಎಂದು ಇಂಡೋನೇಷ್ಯಾ 1959ರಲ್ಲಿ ಆಜ್ಞೆ ಹೊರಡಿಸಿದಾಗ ಅಲ್ಲಿಂದಲೂ ಜನ ಹಡಗು ಹತ್ತಿ ಬಂದರು. 1978ರ ನಂತರ ವಿಯೆಟ್ನಾಮಿನಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ. ಇಂಥವರಿಗಾಗಿಯೇ ದಕ್ಷಿಣ ಚೀನಾದಲ್ಲಿ ಎಂಬತ್ತಕ್ಕೂ ಹೆಚ್ಚು ಕೃಷಿಕ್ಷೇತ್ರಗಳು ಎದ್ದವು. ಅಲ್ಲಿ ಅವರು ಬೆಳೆದದ್ದೂ ರಬ್ಬರ್, ಕಾಫಿ, ಚಹಾ. ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. 1962ರ ಯುದ್ಧದ ನಂತರ ಅಸ್ಸಾಂ, ಬಂಗಾಳದಲ್ಲಿ ನೆಲೆಸಿದ್ದ ಚೀನೀ ಮೂಲದ ಸುಮಾರು 3,000 ಮಂದಿಯನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿದೆವು. ಅವರಲ್ಲಿ ಅನೇಕರೂ ಅವರ ಮನೆಯವರೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಮಂದಿ 1963ರಲ್ಲಿ ಮದ್ರಾಸಿನಿಂದ ಹಡಗು ಹತ್ತಿ, ಎಷ್ಟೋ ಮಂದಿ ಎಂದೂ ಕಾಣದ ಚೀನಾಕ್ಕೆ ಹೋದರು.

ಹಾಗೆ ಚೀನಾ ಸೇರಿದವರಿಗೂ ಸುಖ ಸಿಗಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, ಹೊರದೇಶದಲ್ಲಿ ನೆಂಟರಿದ್ದಾರೆ ಎಂಬುದೇ ಅವರ ಮೇಲೆ ಸಂಶಯಕ್ಕೆ ಕಾರಣವಾಯಿತು. ಎಷ್ಟೋ ಮಂದಿ 70ರ ದಶಕದಲ್ಲಿ ಹಾಂಗ್‌ಕಾಂಗ್ ದಾರಿ ಹಿಡಿದರು. ಆದರೆ ಶಿಂಗ್‌ಲಾಂಗ್‌ನಲ್ಲಿ ಉಳಿದವರ ಕಾಫಿ, ಇಂಡೋನೇಷ್ಯಾದಿಂದ ತಂದ ತಿಂಡಿ, ಉಡುಪು, ಕುಣಿತ ಇವತ್ತು ಆ ಊರಿನ ಹೆಮ್ಮೆ. ಪ್ರವಾಸಿಗಳು ಅದನ್ನು ನೋಡಲೆಂದೇ ಹೋಗುತ್ತಾರೆ. ಒಂದು ಕಾಲದಲ್ಲಿ ಸಂಶಯಕ್ಕೆ ಕಾರಣವಾದದ್ದನ್ನೇ ಊರು ತನ್ನದೆಂದು ಹೇಳಿಕೊಂಡಿತು.

ಅದು ನಮ್ಮಿಂದಲೂ ಆಗಬೇಕು. ಸಿಲೋನಿನಲ್ಲೇ ಉಳಿದ ಇವರ ಬಂಧುಗಳಿಗೆ ಆ ದೇಶ ತಡವಾಗಿಯಾದರೂ, 1988ರ ಮತ್ತು 2003ರ ಕಾನೂನುಗಳ ಮೂಲಕ, ಪೌರತ್ವ ಕೊಟ್ಟಿತು. ನಮ್ಮಲ್ಲಿ ಪೌರತ್ವ ಮೊದಲ ದಿನವೇ ಇತ್ತು. ಊರಿನವರು ಎಂಬ ಮಾತು ಮಾತ್ರ ಇನ್ನೂ ಬಾಯಿಗೆ ಬಂದಿಲ್ಲ. ಮೂರನೆಯ ತಲೆಮಾರಿನ ಹುಡುಗ, ಪುತ್ತೂರಿನ ಆಸ್ಪತ್ರೆಯಲ್ಲಿ ಹುಟ್ಟಿದವನು, ಐತೂರಿನ ಕಾಲನಿಯಲ್ಲಿ ಬೆಳೆದವನು, ಪರಿಚಯ ಹೇಳಿಕೊಂಡಾಗ ನಾವು ಈಗಲೂ 'ಓ, ಸಿಲೋನಿನವನಾ' ಎನ್ನುತ್ತೇವೆ. ಅವನು ಸಿಲೋನನ್ನು ನೋಡಿಯೇ ಇಲ್ಲ. ಗುವಾಂಗ್‌ಝೌನಲ್ಲಿ ಹುಟ್ಟಿ ಬೆಳೆದ ನಮ್ಮ ಮೊಮ್ಮಗುವನ್ನು ಅಲ್ಲಿನವರು ಐವತ್ತು ವರ್ಷ ಹೀಗೆಯೇ ಕೇಳುತ್ತಿದ್ದರೆ ನಮಗೆ ಹೇಗಾಗುತ್ತಿತ್ತು?

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಜಾತಿ ಪ್ರಮಾಣಪತ್ರದ ಅರ್ಜಿಗಳನ್ನು ಶಾಲೆ ಆರಂಭವಾಗುವ ಮೊದಲೇ, ಕಾಲನಿಗಳಿಗೇ ಹೋಗಿ, ಒಂದೇ ದಿನ ಕೂತು ಇತ್ಯರ್ಥ ಮಾಡಲು ತಹಶೀಲ್ದಾರರಿಗೆ ಸಾಧ್ಯವಿದೆ. ಜೀವಮಾನವಿಡೀ ಸರ್ಕಾರಿ ತೋಟದಲ್ಲಿ ದುಡಿದವರಿಗೆ ನಿವೇಶನ ಕೊಡಿಸುವ ಮಾತನ್ನು ಶಾಸಕರು ವಿಧಾನಸಭೆಯಲ್ಲಿ ಎತ್ತಬಹುದು, ಎತ್ತಬೇಕು. ಗ್ರಾಮ ಪಂಚಾಯಿತಿಯ ಸಭೆಗಳು ವರ್ಷಕ್ಕೊಮ್ಮೆಯಾದರೂ ಕಾಲನಿಯ ಅಂಗಳದಲ್ಲೇ ನಡೆಯಲಿ.

ಇನ್ನೊಂದು ಕೆಲಸಕ್ಕೆ ಸಮಯ ಮೀರುತ್ತಿದೆ. 70ರ ದಶಕದಲ್ಲಿ ಇಪ್ಪತ್ತರ ಪ್ರಾಯದಲ್ಲಿ ತಲೈಮನ್ನಾರಿನಲ್ಲಿ ಹಡಗು ಹತ್ತಿದವರು ಈಗ ಎಪ್ಪತ್ತರ ಆಸುಪಾಸಿನಲ್ಲೋ ಅದರಾಚೆಯೋ ಇದ್ದಾರೆ. ಮಂಡಪಂ ಶಿಬಿರ ಹೇಗಿತ್ತು, ಮೊದಲ ಮಳೆಗಾಲ ಹೇಗೆ ಕಳೆಯಿತು, ಮೊದಲು ಮಾತಾಡಿಸಿದ ಊರಿನವರು ಯಾರು ಎಂದು ಹೇಳಬಲ್ಲವರು ಅವರೇ. ಪುತ್ತೂರು, ಸುಳ್ಯ, ಕಡಬದ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗದ ಅಧ್ಯಾಪಕರೇ, ನಿಮ್ಮ ವಿದ್ಯಾರ್ಥಿಗಳ ಕೈಗೆ ಒಂದು ನೋಟ್‌ಬುಕ್, ಒಂದು ಮೊಬೈಲ್ ರೆಕಾರ್ಡರ್ ಕೊಟ್ಟು ಈ ರಜೆಯಲ್ಲಿ ಅವರನ್ನು ಕಾಲನಿಗಳಿಗೆ ಕಳಿಸಿ. ತಮಿಳು ಬಾರದಿದ್ದರೆ ಚಿಂತೆಯಿಲ್ಲ, ಆ ಅಜ್ಜಿಯರಿಗೆ ನಮ್ಮ ತುಳು ಬರುತ್ತದೆ.